ಬರಿಗಾಲಿನ ಅಯ್ಯರ್ ಹೇಳಿದ ಎರಡು ಬದುಕು

ಕೇಳುಗರಿಗೆ ನಮಸ್ಕಾರ.

ರಾಜನೋ, ಸಂತನೋ, ಹೋರಾಟಗಾರನೋ, ಯಾರದ್ದಾದರೂ ಬದುಕಿನ ಮೇಲೆ ಸಿನಿಮಾ ಬಂದರೆ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದೆಲ್ಲ ನಿಜವಾಗಿ ನಡೆದದ್ದಾ? ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇನ್ನೊಂದರ ಮೇಲೆ. ಅಷ್ಟು ದೊಡ್ಡ ಬದುಕಿನಲ್ಲಿ ಸಿನಿಮಾದವರು ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು? ಇವತ್ತು ಎರಡು ಚಿತ್ರಗಳ ಬಗ್ಗೆ ಮಾತಾಡೋಣ. ಒಂದು, 1960ರ ‘ರಣಧೀರ ಕಂಠೀರವ’. ಇನ್ನೊಂದು, 1983ರ ‘ಆದಿ ಶಂಕರಾಚಾರ್ಯ’. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಎರಡರಲ್ಲೂ ನಂಜನಗೂಡಿನ ಜಿ.ವಿ. ಅಯ್ಯರ್ ಅವರ ಕೈ ಇದೆ. ಸದಾ ಬರಿಗಾಲಲ್ಲೇ ಓಡಾಡುತ್ತಿದ್ದರಲ್ಲ, ಅದೇ ಅಯ್ಯರ್.

ಮೊದಲು ಕಂಠೀರವ. 1950ರ ದಶಕದ ಕೊನೆ. ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ. ಸ್ಟುಡಿಯೋ ಅಲ್ಲಿ, ಲ್ಯಾಬು ಅಲ್ಲಿ. ವರ್ಷಕ್ಕೆ ಬರುತ್ತಿದ್ದ ಕನ್ನಡ ಚಿತ್ರಗಳು ಕೈಬೆರಳಲ್ಲಿ ಎಣಿಸುವಷ್ಟು. ಒಂದು ಮುಗಿದರೆ ಮುಂದಿನದು ಯಾವಾಗ ಅಂತ ಹೀರೋಗೂ ಗೊತ್ತಿರಲಿಲ್ಲ. ಆಗ ನಾಲ್ಕು ಜನ ಒಂದಾದರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಮತ್ತೆ ಈ ಅಯ್ಯರ್. ನಾಲ್ವರೂ ನಾಟಕ ಕಂಪನಿಯಲ್ಲಿ ಪಳಗಿದವರು. ಸಿನಿಮಾ ಇಲ್ಲದಿದ್ದರೇನಂತೆ, ಬಣ್ಣ ಹಚ್ಚುವುದು ಗೊತ್ತಲ್ಲ! ಕಲಾವಿದರ ಸಂಘ ಕಟ್ಟಿಕೊಂಡು ಊರೂರು ಸುತ್ತಿ ನಾಟಕ ಆಡಿದರು. ಆಮೇಲೆ ಸಂಘದಿಂದಲೇ ಒಂದು ಸಿನಿಮಾ ಮಾಡೋಣ ಅಂತ ಹೊರಟರು.

ಅವರು ಎಂಥವರು ಅನ್ನುವುದಕ್ಕೆ ಒಂದು ಮಾತು ಹೇಳಬೇಕು. ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಶುರು ಮಾಡುತ್ತಿದ್ದರು. ಹಳೇ ಚಿತ್ರಗಳಲ್ಲಿ ಅವರ ಮುಖ ಸ್ವಲ್ಪ ಗಮನಿಸಿ. ಮಾತು ಒಂದು ಚೂರೂ ತಡವಾಗುವುದಿಲ್ಲ. ಇಂಥವರು ದುಡ್ಡು ಹೊಂದಿಸಿ ಸಿನಿಮಾ ಮಾಡುವಾಗ ಸಣ್ಣ ಸಂಸಾರದ ಕತೆ ಆರಿಸಿಕೊಂಡಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು. ಅವರು ಆರಿಸಿಕೊಂಡದ್ದು ಅರಮನೆ, ದರ್ಬಾರು, ಕತ್ತಿ, ಸೈನ್ಯ. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ದೊಡ್ಡ ಧೈರ್ಯ ಅಂದರೆ ಇದೇ.

ಯಾರು ಈ ಕಂಠೀರವ? ಮೈಸೂರಿನ ಒಂದನೇ ಕಂಠೀರವ ನರಸರಾಜ ಒಡೆಯರು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು. ಅವರಿಗಿಂತ ಮುಂಚೆ ಪಟ್ಟದಲ್ಲಿದ್ದ ಇಮ್ಮಡಿ ರಾಜ ಒಡೆಯರಿಗೆ ದಳವಾಯಿ, ಅಂದರೆ ಸೇನಾಪತಿ, ವಿಕ್ರಮರಾಯನೇ ವಿಷ ಹಾಕಿಸಿದ. ಅಂಥ ಅರಮನೆಗೆ ಇವರು ರಾಜರಾಗಿ ಬಂದರು. ಬೆಂಗಳೂರಿನವರಿಗೆ ಇಲ್ಲೊಂದು ನಂಟಿದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 1638ರಲ್ಲಿ ಕೆಂಪೇಗೌಡರ ವಂಶದವರ ಕೈಯಿಂದ ಬೆಂಗಳೂರನ್ನು ಕಿತ್ತುಕೊಂಡ. ಶಿವಾಜಿಯ ತಂದೆ ಶಹಾಜಿಗೆ ಈ ಊರು ಸಿಕ್ಕಿದ್ದು ಹಾಗೆ. ಅದೇ ಖಾನ್ ಮುಂದೆ ಶ್ರೀರಂಗಪಟ್ಟಣಕ್ಕೆ ನುಗ್ಗಿದ. ಅಲ್ಲಿ ಕಂಠೀರವ ಅವನನ್ನು ಹಿಮ್ಮೆಟ್ಟಿಸಿದರು.

ಆದರೆ ಹಳೇ ಮೈಸೂರು ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದ ಕತೆ ಈ ಯುದ್ಧದ್ದಲ್ಲ, ತಿರುಚಿನಾಪಳ್ಳಿಯ ಜಟ್ಟಿಯದ್ದು. ಆ ಜಟ್ಟಿ ತನ್ನ ಚಲ್ಲಣವನ್ನು, ಅಂದರೆ ಕುಸ್ತಿಯ ಚಡ್ಡಿಯನ್ನು, ಊರ ಬಾಗಿಲಿಗೆ ಕಟ್ಟಿಸಿದ್ದನಂತೆ. ಒಳಗೆ ಬರುವವರು ಅದರ ಕೆಳಗೇ ತಲೆ ತಗ್ಗಿಸಿ ಬರಬೇಕು, ಇಲ್ಲವೇ ಅವನ ಜೊತೆ ಸೆಣಸಬೇಕು. ಕಂಠೀರವ ಮಾರುವೇಷದಲ್ಲಿ ಹೋಗಿ ಅವನನ್ನು ಸೋಲಿಸಿ, ತಾನು ಯಾರು ಅಂತಲೂ ಹೇಳದೆ ವಾಪಸ್ ಬಂದರು ಅಂತ ಪ್ರತೀತಿ. ಗರಡಿ ಮನೆಗಳಿದ್ದ ಊರುಗಳಲ್ಲಿ ಈ ಕತೆಗೆ ಎಂಥ ಬೆಲೆ ಅಂತ ಬೇರೆ ಹೇಳಬೇಕೇ?

ಇದೇ ರಾಜ ಚಿನ್ನದ ಹಣವನ್ನೂ ಟಂಕಿಸಿದರು. ಅದೇ ಕಂಠೀರಾಯ ಹಣ. ನೋಡಿದರೆ ಕಡಲೆಬೇಳೆಯಷ್ಟು. ಅಷ್ಟರಲ್ಲೇ ಒಂದು ನರಸಿಂಹನ ಮೂರ್ತಿ. ಅವರು ಹೋಗಿ ಎಷ್ಟೋ ಕಾಲವಾದರೂ ಮೈಸೂರಿನ ಲೆಕ್ಕಪತ್ರ ಕಂಠೀರಾಯ ಹಣದಲ್ಲೇ ನಡೆಯುತ್ತಿತ್ತು. ಇತಿಹಾಸದವರನ್ನು ಕೇಳಿದರೆ ಜಟ್ಟಿಗಿಂತ ಈ ನಾಣ್ಯವೇ ದೊಡ್ಡ ವಿಷಯ ಅನ್ನುತ್ತಾರೇನೋ. ಆದರೆ ಸಿನಿಮಾ ನೋಡಿ ಹೊರಗೆ ಬಂದವರ ಮನಸ್ಸಲ್ಲಿ ಉಳಿದದ್ದು ಕತ್ತಿ, ನಾಣ್ಯ ಅಲ್ಲ. ಅಯ್ಯರ್ ಕಂಪನಿ ನಾಟಕದಿಂದ ಬಂದವರು. ಟೆಂಟಿನಲ್ಲಿ ಕೊನೇ ಸಾಲಿನವನಿಗೂ ಏನು ಮುಟ್ಟುತ್ತೆ ಅಂತ ಅವರಿಗೆ ಗೊತ್ತಿತ್ತು. ಸಂಭಾಷಣೆ, ಹಾಡು ಅವರು ಬರೆದರು. ಎನ್.ಸಿ. ರಾಜನ್ ನಿರ್ದೇಶಿಸಿದರು. ಜಿ.ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ಅವರಿಗೆ ಆಗಿನ್ನೂ ಮೂವತ್ತೊಂದರ ಆಸುಪಾಸು. ಮೈಕಟ್ಟು, ದನಿ ಎರಡೂ ಆ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದವು.

ಜನ ಚಿತ್ರವನ್ನು ಕೈ ಹಿಡಿದರು. ನೆನಪಿಡಿ, ಆಗಿನ್ನೂ ಕರ್ನಾಟಕ ಅನ್ನುವ ಹೆಸರೇ ಬಂದಿರಲಿಲ್ಲ. ರಾಜ್ಯ ಒಂದಾಗಿ ನಾಲ್ಕು ವರ್ಷವಾಗಿತ್ತು ಅಷ್ಟೇ. ಹೆಸರು ಬಂದದ್ದು 1973ರಲ್ಲಿ. ನಮ್ಮವನೇ ಒಬ್ಬ ರಾಜ, ನಮ್ಮ ಭಾಷೆಯಲ್ಲೇ ಪರದೆ ಮೇಲೆ ಗುಡುಗುವುದನ್ನು ನೋಡುವ ಹಸಿವು ಜನರಲ್ಲಿ ಇತ್ತು ಅಂತ ನನಗನ್ನಿಸುತ್ತೆ. ಮಾರನೇ ವರ್ಷ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಬಂತು. 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀಕೃಷ್ಣದೇವರಾಯ’. ದಾರಿ ಬಿದ್ದಾಗಿತ್ತು.

ಅಯ್ಯರ್ ಮಾತ್ರ ಆ ದಾರಿಯಲ್ಲೇ ಉಳಿಯಲಿಲ್ಲ. 1971ರಲ್ಲಿ ‘ವಂಶವೃಕ್ಷ’ಕ್ಕೆ ನಿರ್ಮಾಪಕರಾದರು. ಗಿರೀಶ ಕಾರ್ನಾಡ್, ಬಿ.ವಿ. ಕಾರಂತರ ಸಹವಾಸ. ಆ ಹುಡುಗರ ಸಿನಿಮಾ ನೋಡಿ ಐವತ್ತು ದಾಟಿದ ಮನುಷ್ಯ ತನ್ನ ರೀತಿಯನ್ನೇ ಬದಲಾಯಿಸಿಕೊಂಡುಬಿಟ್ಟರು. 1975ರಲ್ಲಿ ‘ಹಂಸಗೀತೆ’ ಮಾಡಿದರು. ಚಿತ್ರದುರ್ಗದ ಸಂಗೀತಗಾರನ ಕತೆ, ಅನಂತನಾಗ್ ಮುಖ್ಯ ಪಾತ್ರದಲ್ಲಿ. ಅದರ ಹಾಡಿಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಆಮೇಲೆ ಶಂಕರಾಚಾರ್ಯ. ಭಾಷೆ ಸಂಸ್ಕೃತ. ಇಡೀ ಚಿತ್ರ ಸಂಸ್ಕೃತದಲ್ಲಿ ಬಂದದ್ದು ಅದೇ ಮೊದಲು. ಯಾವ ವಿತರಕ ದುಡ್ಡು ಹಾಕುತ್ತಾನೆ ಹೇಳಿ? ಹಾಕಿದ್ದು ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ. ಅದಕ್ಕೆ ಹಿಂದಿನ ವರ್ಷ ತೆರೆಕಂಡ ‘ಗಾಂಧಿ’ ಚಿತ್ರಕ್ಕೂ ಇದೇ ನಿಗಮದ ದುಡ್ಡು ಹೋಗಿತ್ತು. ಅಲ್ಲಿ ಗಾಂಧೀಜಿ ಅಂತಿಮಯಾತ್ರೆಯ ಒಂದು ದೃಶ್ಯಕ್ಕೇ ಲಕ್ಷಗಟ್ಟಲೆ ಜನ. ಅಯ್ಯರ್ ಅವರ ಚಿತ್ರದಲ್ಲಿ ಹೊಳೆ, ಮಳೆ, ತೆಂಗಿನ ಮರ, ಒಬ್ಬ ಹುಡುಗ. ಸಂಭಾಷಣೆ ಬನ್ನಂಜೆ ಗೋವಿಂದಾಚಾರ್ಯರದ್ದು, ಕ್ಯಾಮೆರಾ ಮಧು ಅಂಬಾಟ್ ಅವರದ್ದು, ಸಂಗೀತ ಮತ್ತೆ ಬಾಲಮುರಳಿಯವರದ್ದು. ಶಂಕರರಾಗಿ ಸರ್ವದಮನ್ ಬ್ಯಾನರ್ಜಿ.

ಇಲ್ಲಿ ಅಯ್ಯರ್ ಮಾಡಿದ ಒಂದು ಉಪಾಯ ನನಗೆ ಬಹಳ ಇಷ್ಟ. ಶಂಕರರ ಜೊತೆ ಇಬ್ಬರು ಹೆಜ್ಜೆ ಹಾಕುತ್ತಾರೆ. ಒಬ್ಬನ ಹೆಸರು ಮೃತ್ಯು, ಇನ್ನೊಬ್ಬನದು ಪ್ರಜ್ಞಾನ. ಸಾವೂ ಅರಿವೂ ಗೆಳೆಯರ ಹಾಗೆ ಪಕ್ಕದಲ್ಲೇ ನಡೆದು ಬರುತ್ತವೆ. ಮೂವತ್ತೆರಡಕ್ಕೇ ಬದುಕು ಮುಗಿಸಿದವರು ಅಂತ ಸಂಪ್ರದಾಯ ಹೇಳುವ ಮನುಷ್ಯನ ಕತೆಗೆ ಇದಕ್ಕಿಂತ ಒಳ್ಳೇ ಜೊತೆಗಾರರು ಎಲ್ಲಿ ಸಿಗುತ್ತಾರೆ? ನಾಟಕದವರ ತಲೆಗೇ ಹೊಳೆಯುವ ಉಪಾಯ ಇದು. ಕಂಪನಿ ನಾಟಕದ ಅಯ್ಯರ್ ಎಲ್ಲೂ ಹೋಗಿರಲಿಲ್ಲ. ದನಿ ಇಳಿಸಿದ್ದರು ಅಷ್ಟೇ.

ನಾನು ಇದನ್ನು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಬಸವನಗುಡಿಯ ಪಕ್ಕದ ಮನೆಯಲ್ಲಿ. ಆ ಮನೆ ಅಜ್ಜಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಶಂಕರ ಸನ್ಯಾಸಕ್ಕೆ ಹೊರಟು ನಿಂತಾಗ ಅವರ ಕೈ ನಿಂತಿತು. “ಅಲ್ಲ ಕಣೋ, ಇರೋನು ಒಬ್ಬನೇ ಮಗ, ಆ ತಾಯಿ ಹೆಂಗೆ ಕಳಿಸ್ತಾಳೆ?” ಅಂತ ನನ್ನನ್ನೇ ಜೋರು ಮಾಡಿದರು. ಅವರಿಗೆ ಸಂಸ್ಕೃತ ಬರುತ್ತಿರಲಿಲ್ಲ.

ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಇದಕ್ಕೆ ಸ್ವರ್ಣಕಮಲ ಬಂತು. ಚಿತ್ರಕತೆ, ಛಾಯಾಗ್ರಹಣ, ಧ್ವನಿಗ್ರಹಣ, ಇವಕ್ಕೂ ರಾಷ್ಟ್ರಪ್ರಶಸ್ತಿ. ಕಂಠೀರವನಿಗೆ ಸಿಕ್ಕ ಶಿಳ್ಳೆ ಇದಕ್ಕೆ ಸಿಗಲಿಲ್ಲ, ಸಿಗುವ ಚಿತ್ರವೂ ಅಲ್ಲ. ಅಯ್ಯರ್ ಆಮೇಲೆ ಕನ್ನಡದಲ್ಲಿ ‘ಮಧ್ವಾಚಾರ್ಯ’, ತಮಿಳಿನಲ್ಲಿ ‘ರಾಮಾನುಜಾಚಾರ್ಯ’ ಮಾಡಿದರು. ಮೂರರಲ್ಲಿ ನನಗೆ ಶಂಕರರದ್ದೇ ಹೆಚ್ಚು. ಬೇರೆಯವರು ಜಗಳಕ್ಕೆ ಬರಬಹುದು, ಬರಲಿ.

ಈ ಎರಡೂ ಚಿತ್ರಗಳನ್ನು ಹುಡುಕಿ ನೋಡಿ. ಕಂಠೀರವವನ್ನು ಮನೆಮಂದಿಯೆಲ್ಲ ಕೂತು, ವಾಲ್ಯೂಮ್ ಜೋರಾಗಿಟ್ಟು ನೋಡಬೇಕು. ಶಂಕರಾಚಾರ್ಯಕ್ಕೆ ಮಾತ್ರ ಫೋನ್ ಬೇರೆ ರೂಮಲ್ಲಿಟ್ಟು ಬನ್ನಿ. ನಮಸ್ಕಾರ.