ಶಿಫಾರಸು ಪತ್ರ ಯಾರ ಹತ್ತಿರ ಕೇಳೋದು?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎಂಎಸ್, ಪಿಎಚ್‌ಡಿ ಮಾಡಬೇಕು ಅಂತಿರುವವರು ಇಲ್ಲಿ ಜಾಸ್ತಿ ಇದ್ದೀರಿ. ಅಲ್ಲಿ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಅದರ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇನೆ.

ಪತ್ರ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಪ್ರಿನ್ಸಿಪಾಲರು, ಆಮೇಲೆ ಎಚ್‌ಒಡಿ. ದೊಡ್ಡ ಹುದ್ದೆ, ದೊಡ್ಡ ಸೀಲು. ಆದರೆ ಅವರು ನಿಮ್ಮ ಬಗ್ಗೆ ಏನು ಬರೆಯಬಲ್ಲರು? 'ಶಿಸ್ತಿನ ಹುಡುಗ, ಹಾಜರಿ ಚೆನ್ನಾಗಿದೆ, ಶುಭವಾಗಲಿ.' ಹೆಸರು ಬದಲಾಯಿಸಿದರೆ ಪಕ್ಕದವನಿಗೂ ಆಗುತ್ತೆ ಆ ಪತ್ರ! ಅದೇ ನಿಮ್ಮ ಪ್ರಾಜೆಕ್ಟ್ ಗೈಡ್ ಆದರೆ ಹೀಗೆ ಬರೆಯಬಹುದು: 'ಸೆನ್ಸರ್ ತಪ್ಪು ರೀಡಿಂಗ್ ಕೊಡುತ್ತಿತ್ತು. ಉಳಿದವರೆಲ್ಲ ಕೋಡ್ ತಿದ್ದುತ್ತಾ ಕೂತಿದ್ದರು. ಈಕೆ ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರ್ ನೋಡಿದಳು. ಗ್ರೌಂಡ್ ವೈರ್ ಸಡಿಲವಾಗಿತ್ತು. ಯಾರೂ ಹೇಳದಿದ್ದರೂ ಹಳೆಯ ರೀಡಿಂಗ್‌ಗಳನ್ನೆಲ್ಲ ತೆಗೆದು ಮತ್ತೆ ಅಳೆದಳು.' ಓದುವ ಪ್ರೊಫೆಸರ್‌ಗೆ ಬೇಕಾಗಿರೋದು ಇದು. ಎಷ್ಟೋ ಅರ್ಜಿಗಳಲ್ಲಿ ಪತ್ರದ ಜೊತೆ ಒಂದು ಪಟ್ಟಿಯೂ ಇರುತ್ತೆ: ಈ ವಿದ್ಯಾರ್ಥಿ ಮೊದಲ 5 ಶೇಕಡದಲ್ಲಾ, 10 ಶೇಕಡದಲ್ಲಾ ಅಂತ. 'ಹೇಳುವಷ್ಟು ಗೊತ್ತಿಲ್ಲ' ಅನ್ನೋ ಖಾನೆಯೂ ಅಲ್ಲೇ ಇರುತ್ತೆ. ಪರಿಚಯವೇ ಇಲ್ಲದವರು ಟಿಕ್ ಹಾಕೋದು ಅದಕ್ಕೇ.

ಕೇಳುವಾಗ, 'ಸಾರ್, ಒಳ್ಳೆ ಪತ್ರ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆಯಾ?' ಅಂತಲೇ ಕೇಳಿ. 'ನೋಡೋಣಪ್ಪಾ' ಅಂದರೆ, ನಮ್ಮ ಕಡೆ ಅದು ಇಲ್ಲ ಅಂತಲೇ. ಥ್ಯಾಂಕ್ಸ್ ಹೇಳಿ ಇನ್ನೊಬ್ಬರ ಹತ್ತಿರ ಹೋಗಿ.

ಇನ್ನೊಂದು ಮಾತು ನಿಮಗೆಲ್ಲ ಗೊತ್ತಿರೋದೇ: 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ.' ತಪ್ಪು ಬರೀ ವಿದ್ಯಾರ್ಥಿಗಳದ್ದಲ್ಲ, ಮೇಷ್ಟ್ರುಗಳದ್ದೇ ಜಾಸ್ತಿ. ಆದರೆ ಮೂರೂ ಪತ್ರ ಒಬ್ಬನೇ ಬರೆದರೆ ಒಂದೇ ಥರದ ವಾಕ್ಯ, ಒಂದೇ ಥರದ ಹೊಗಳಿಕೆ, ಓದಿದವರಿಗೆ ಗೊತ್ತಾಗಿಬಿಡುತ್ತೆ. ಅದರ ಬದಲು ಒಂದು ಪುಟದ ಟಿಪ್ಪಣಿ ಕೊಡಿ. ಅವರ ಹತ್ತಿರ ಯಾವ ವಿಷಯ ಓದಿದಿರಿ, ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲು ಎಷ್ಟು, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾವ ಯೂನಿವರ್ಸಿಟಿಗೆ ಕೊನೆ ದಿನ ಯಾವಾಗ. ಪತ್ರ ಅವರೇ ಬರೆಯಲಿ.

ಫಾರ್ಮ್‌ನಲ್ಲಿ, ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಒಂದು ಪ್ರಶ್ನೆ ಬರುತ್ತೆ. 1974ರ ಅಲ್ಲಿನ ಒಂದು ಕಾಯ್ದೆ ಆ ಹಕ್ಕು ಕೊಟ್ಟಿದೆ. ಬಿಟ್ಟುಕೊಡಿ. ಇಲ್ಲದಿದ್ದರೆ, ಬರೆದವರು ಮುಲಾಜಿಗೆ ಬರೆದಿರಬಹುದು ಅನ್ನೋ ಅನುಮಾನ ಬರುತ್ತೆ.

ಪಿಎಚ್‌ಡಿ ಅರ್ಜಿಗಳಿಗೆ ಎಷ್ಟೋ ಕಡೆ ಡಿಸೆಂಬರ್ ಮೊದಲ ಹದಿನೈದು ದಿನದಲ್ಲೇ ಗಡುವು. ನಮ್ಮ ಮೇಷ್ಟ್ರುಗಳಿಗೆ ಅದೇ ಹೊತ್ತಿಗೆ ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ. ಸೆಪ್ಟೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ಜಿಮೇಲ್ ಬೇಡ, ಅವರ ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ. ಪತ್ರ ಅಪ್‌ಲೋಡ್ ಮಾಡೋಕೆ ಯೂನಿವರ್ಸಿಟಿಯಿಂದ ಅವರಿಗೆ ಬರುವ ಲಿಂಕ್ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತೆ, ಅದನ್ನೂ ನೋಡೋಕೆ ಹೇಳಿ.

ಕೆಲಸಕ್ಕೆ ಸೇರಿರುವವರು ಒಂದು ಪತ್ರ ಟೀಮ್ ಲೀಡ್ ಹತ್ತಿರ ತಗೊಳ್ಳಬಹುದು. ಪಿಎಚ್‌ಡಿಗಾದರೆ ಸಂಶೋಧನೆಯ ಬಗ್ಗೆ ಹೇಳಬಲ್ಲವರೇ ಬೇಕು. ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ.