ಚಿರೋಟಿಯ ಸಂದಿಯಲ್ಲಿ ಲಿಥಿಯಂ

ಕೇಳುಗರೆ, ನಮಸ್ಕಾರ.

ನಮ್ಮ ಮಂಡ್ಯದ ಕಡೆ ಮದುವೆ ಊಟಕ್ಕೆ ಕೂತರೆ ಎಲೆಗೆ ಚಿರೋಟಿ ಬರುತ್ತದೆ, ಅಲ್ವಾ? ಮೇಲೆ ಸಕ್ಕರೆ ಪುಡಿ ಉದುರಿಸಿ ಬಾದಾಮಿ ಹಾಲು ಬಿಡುತ್ತಾರೆ. ಆ ಹಾಲು ಮೇಲೆಯೇ ನಿಲ್ಲುವುದಿಲ್ಲ. ಮೆಲ್ಲಗೆ ಪದರಗಳ ಸಂದಿಗೆ ಇಳಿಯುತ್ತದೆ. ಪದರಗಳು ಮಾತ್ರ ಹಾಗೇ ಇರುತ್ತವೆ.

ರಸಾಯನಶಾಸ್ತ್ರದಲ್ಲೂ ಇಂಥ ಪದರದ ವಸ್ತುಗಳಿವೆ. ಅವುಗಳ ಸಂದಿಗೆ ಬೇರೆ ಅಣುಗಳು, ಅಯಾನುಗಳು (ಅಂದರೆ ವಿದ್ಯುದಂಶ ಹೊತ್ತ ಕಣಗಳು) ಬಂದು ಕೂರುವುದಕ್ಕೆ ಇಂಟರ್‌ಕಲೇಶನ್ ಅನ್ನುತ್ತಾರೆ. ಚಿರೋಟಿಗೆ ಬಿಟ್ಟ ಹಾಲನ್ನು ವಾಪಸ್ ತೆಗೆಯಲಾಗದು. ಇಲ್ಲಿ ಬಂದವರು ಎಷ್ಟೋ ಸಲ ಮನೆ ಕೆಡಿಸದೆ ವಾಪಸ್ ಹೋಗುತ್ತಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ.

ಮಕ್ಕಳ ಪೆನ್ಸಿಲನ್ನೇ ನೋಡಿ. ಅದರ ಕಡ್ಡಿಯಲ್ಲಿರುವುದು ಜೇಡಿಯ ಜೊತೆ ಬೆರೆಸಿದ ಗ್ರಾಫೈಟ್. ಅಂದರೆ ಇಂಗಾಲದ ಹಾಳೆಗಳ ಕಟ್ಟು. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಹಾಳೆ ಹಾಳೆ ನಡುವಿನ ಹಿಡಿತ ಸಡಿಲ. ಅದಕ್ಕೇ ಬರೆದಾಗ ಕಾಗದಕ್ಕೆ ಜಾರಿ ಅಂಟಿಕೊಳ್ಳುತ್ತವೆ.

ನಿಮ್ಮ ಮೊಬೈಲಿನ ಬ್ಯಾಟರಿಯ ಒಂದು ಬದಿಯಲ್ಲಿ ಇದೇ ಗ್ರಾಫೈಟ್ ಇದೆ. ಇನ್ನೊಂದು ಬದಿಯಲ್ಲಿ ಸಾಮಾನ್ಯವಾಗಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದೂ ಪದರದ್ದೇ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗಿ ಬರುವ ಹಾಗೆ, ಲಿಥಿಯಂ ಅಯಾನು ಈ ಎರಡು ಮನೆಗಳ ನಡುವೆ ಓಡಾಡುತ್ತದೆ. ಚಾರ್ಜಿಗೆ ಹಾಕಿದಾಗ ಗ್ರಾಫೈಟಿನ ಸಂದಿಗೆ ಬಂದು ಕೂರುತ್ತದೆ. ಪೂರ್ತಿ ತುಂಬಿದಾಗ 6 ಇಂಗಾಲಕ್ಕೆ 1 ಲಿಥಿಯಂ. ಆಗ ಹಾಳೆಗಳ ನಡುವಿನ ಅಂತರ ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತದೆ, ಅಷ್ಟೇ. ನೀವು ಫೋನಿನಲ್ಲಿ ಮಾತಾಡುತ್ತಾ ಇದ್ದರೆ ಅದು ಹೊರಟು ಹಳೇ ಮನೆ ಸೇರುತ್ತದೆ. ಹೀಗೆ ನೂರಾರು ಸಲ.

ಇಂಥ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ದಾರಿ ಮಾಡಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. ಆಗ ಗುಡಿನಫ್ ಅವರಿಗೆ 97 ವರ್ಷ!

ಇದು ಗೊತ್ತಿದ್ದರೆ ಮನೆಯಲ್ಲೂ ಉಪಯೋಗ ಇದೆ. ವಿಪರೀತ ಬೇಗ ಚಾರ್ಜ್ ಮಾಡಿದರೆ, ಅದೂ ತುಂಬಾ ಚಳಿಯಲ್ಲಿ, ಲಿಥಿಯಂಗೆ ಒಳಗೆ ಹೋಗಲು ಪುರುಸೊತ್ತು ಸಿಗದೆ ಬಾಗಿಲಲ್ಲೇ ಲೋಹವಾಗಿ ಕೂತುಬಿಡುತ್ತದೆ. ಬಿಸಿಯೂ ಬ್ಯಾಟರಿಗೆ ಆಗುವುದಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ತಂದ ಎಲೆಕ್ಟ್ರಿಕ್ ಸ್ಕೂಟರನ್ನು ಸ್ವಲ್ಪ ಹೊತ್ತು ನೆರಳಲ್ಲಿ ನಿಲ್ಲಿಸಿ, ಆಮೇಲೆ ಚಾರ್ಜಿಗೆ ಹಾಕಿ.

ರೈತ ಬಂಧುಗಳಿಗೂ ಈ ವಿಷಯ ಹೊಸದಲ್ಲ. ನಂಜನಗೂಡಿನ ಕಡೆ ಎರೆ ಹೊಲ ಇರುವವರಿಗೆ ಗೊತ್ತು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಿದ್ದರೆ ನೆಲವೇ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಎರೆಯ ಜೇಡಿ ಕಣಗಳೂ ಪದರ ಪದರ. ನೀರು ಸಂದಿಗೆ ಹೋದರೆ ಉಬ್ಬು, ಹೊರಟರೆ ಬಿರುಕು. ನಾವು ಹಾಕಿದ ಪೊಟ್ಯಾಷ್ ಒಂದೇ ಮಳೆಗೆ ತೊಳೆದುಹೋಗದೆ ನಿಲ್ಲುವುದಕ್ಕೂ ಈ ಸಂದಿಗಳೇ ಒಂದು ಕಾರಣ. ಇಂಥ ನೆಲದಲ್ಲಿ ಮನೆ ಕಟ್ಟುವವರು ಪಾಯದ ಬಗ್ಗೆ ತಿಳಿದವರನ್ನು ಕೇಳದೆ ಕೆಲಸ ಶುರು ಮಾಡಬೇಡಿ.

ನರ್ಸರಿ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಜೊತೆ ಹೊಳೆಯುವ, ಹಗುರವಾದ ಚೂರು ಕಂಡರೆ ಅದು ವರ್ಮಿಕ್ಯುಲೈಟ್. ಬೆರಳಲ್ಲಿ ಹಿಡಿದು ನೋಡಿ, ಥೇಟ್ ಹಾರ್ಮೋನಿಯಂ ತಿದಿ. ಕಾರ್ಖಾನೆಯಲ್ಲಿ ಜೋರು ಕಾವು ಕೊಟ್ಟಾಗ ಪದರಗಳ ನಡುವಿನ ನೀರು ಹಠಾತ್ತನೆ ಆವಿಯಾಗಿ ಅದನ್ನು ಹಾಗೆ ಹಿಗ್ಗಿಸಿರುತ್ತದೆ. ಆ ಸಂದಿಗಳೇ ಸಸಿಗೆ ನೀರು ಹಿಡಿದಿಡುತ್ತವೆ. ಎದೆಯುರಿಗೆ ಕೊಡುವ ಕೆಲವು ಮಾತ್ರೆಗಳಲ್ಲೂ ಪದರದ ಮೆಗ್ನೀಸಿಯಂ-ಅಲ್ಯೂಮಿನಿಯಂ ಸಂಯುಕ್ತ ಇರುತ್ತದೆ.

ನಮ್ಮ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಸುತ್ತಿನ ಬಂಡೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆ ಎಂದು ಪ್ರಾಥಮಿಕ ಅಂದಾಜು ಬಂದಿದೆ. ದೇಶದ ಹಸಿವಿಗೆ ಇದು ಸಾಲದು. ಆದರೆ ನಿಮ್ಮ ಬೀರುವಿನಲ್ಲಿ ಸುಮ್ನೆ ಬಿದ್ದಿರುವ ಹಳೇ ಫೋನಿನಲ್ಲೂ ಲಿಥಿಯಂ, ಕೋಬಾಲ್ಟ್ ಇನ್ನೂ ಇವೆ. ಅವನ್ನು ಬೇರ್ಪಡಿಸಿ ಮತ್ತೆ ಬಳಸಬಹುದು. ದಯವಿಟ್ಟು ಕಸದ ಬೆಂಕಿಗೆ ಹಾಕಬೇಡಿ, ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ನಮಸ್ಕಾರ.