ಡ್ಯಾನಿಶ್ ಪೇಸ್ಟ್ರಿಗೆ ಡೆನ್ಮಾರ್ಕಲ್ಲಿ ಏನಂತಾರೆ?

ಮಂಗಳೂರಿನ ಹೋಟೆಲಲ್ಲಿ ಕೂತು "ಒಂದು ಪ್ಲೇಟ್ ಮಂಗಳೂರು ಬಜ್ಜಿ" ಅಂತ ಕೇಳಿ ನೋಡಿ. ಕೊಡುತ್ತಾರೆ, ಆದರೆ ನೀವು ಘಟ್ಟದ ಮೇಲಿನವರು ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಅವರಿಗೆ ಅದು ಗೋಳಿಬಜೆ. ಹಾಗಾದರೆ ಕಾಫಿ ಶಾಪಿನ ಗಾಜಿನೊಳಗೆ ಕೂತು ದುಬಾರಿ ರೇಟಿಗೆ ಮಿಂಚುವ "ಡ್ಯಾನಿಶ್"ಗೆ ಡೆನ್ಮಾರ್ಕಿನವರು ಏನಂತಾರೆ?

ವೀನರ್‌ಬ್ರೋಡ್. ಅಂದರೆ ವಿಯೆನ್ನಾ ಬ್ರೆಡ್ಡು!

ಸರಿ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಗೆ ಹೋಗಿ ಕೇಳೋಣ. ಅಲ್ಲಿ ಅದಕ್ಕೆ ಕೋಪನ್‌ಹಾಗನರ್ ಪ್ಲುಂಡರ್ ಅಂತಾರೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಂದ ಬಂದದ್ದಂತೆ. ನಂದಲ್ಲಪ್ಪ ಅಂತ ಇಬ್ಬರೂ ಕೈ ತೋರಿಸಿಕೊಂಡು ಕೂತಿದ್ದಾರೆ.

(ಪರದೆ ಮೇಲೆ: ನಕಾಶೆ, ಎರಡೂ ಕಡೆ ಬಾಣ)

ಮಾಡುವುದು ಸಿಂಪಲ್. ಯೀಸ್ಟ್ ಹಾಕಿದ ಹಿಟ್ಟು, ಮಧ್ಯೆ ಬೆಣ್ಣೆ, ಮಡಿಚು, ಲಟ್ಟಿಸು, ಮತ್ತೆ ಮಡಿಚು. ಮೂರು ಪದರದ ಮಡಿಕೆ ಮೂರು ಸಲ ಹಾಕಿದರೆ ಬೆಣ್ಣೆಯದ್ದೇ 27 ಪದರ. 1850ರಲ್ಲಿ ಡೆನ್ಮಾರ್ಕಿನ ಬೇಕರಿ ಕೆಲಸದವರು ಮುಷ್ಕರ ಹೂಡಿದಾಗ ಮಾಲೀಕರು ಆಸ್ಟ್ರಿಯಾದಿಂದ ಜನ ಕರೆಸಿದರು, ಅವರ ಜತೆ ಈ ಕೈಚಳಕವೂ ಬಂತು ಅಂತ ಹೇಳುತ್ತಾರೆ.

ಈಗ ನನ್ನ ಫೇವರಿಟ್. ಈ ಪೇಸ್ಟ್ರಿಯಲ್ಲೇ ಒಂದು ಬಗೆ ಇದೆ, ದುಂಡಗೆ, ನಡುವೆ ಹಳದಿ ಕಸ್ಟರ್ಡ್ ಇಲ್ಲವೇ ಜ್ಯಾಮ್. ಪೇಟೆ ಹೆಸರು ಸ್ಪಂಡಾವರ್, ಬರ್ಲಿನ್ನಿನ ಸ್ಪಂಡಾವ್ ಹೆಸರಲ್ಲಿ. ಅಂದರೆ ಇದಕ್ಕೂ ಊರು ಬೇರೆಯದ್ದೇ. ಆದರೆ ಡೇನ್‌ಗಳು ತಮಾಷೆಗೆ ಕರೆಯುವುದು "ಬೇಕರಿಯವನ ಕೆಟ್ಟ ಕಣ್ಣು" ಅಂತ. ದೃಷ್ಟಿ ತಾಗುವ ಕೆಟ್ಟ ಕಣ್ಣಲ್ಲ ಮತ್ತೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಬೇಡಿ. ಇದು ಬೇನೆ ಬಂದ ಕಣ್ಣು. ಕೆಂಪಗೆ ಊದಿಕೊಂಡು, ಹಳದಿ ಪಿಸುರು ಕಟ್ಟಿಕೊಂಡು, ಬೆಳಗ್ಗೆ ರೆಪ್ಪೆ ಬಿಡಿಸಲಿಕ್ಕೆ ಆಗಲ್ಲವಲ್ಲ, ಆ ಥರದ್ದು. ಇಷ್ಟು ಹೇಳಿಕೊಂಡೂ ಅದನ್ನು ಕಾಫಿ ಜತೆ ಚಪ್ಪರಿಸಿ ತಿನ್ನುತ್ತಾರೆ! ನಾವು ಆ ಕಾಯಿಲೆಗೆ ಏನಂತೀವಿ? ಮದ್ರಾಸ್ ಐ. ಅದನ್ನೂ ಪಕ್ಕದೂರಿನವರ ತಲೆಗೇ ಕಟ್ಟಿದ್ದೀವಿ, ಅಲ್ವಾ?

ಚಕ್ಕೆ ಹಾಕಿ ಸುರುಳಿ ಸುತ್ತಿದ್ದಕ್ಕೆ ಅವರಲ್ಲಿ ಬಸವನಹುಳು ಅಂತ ಹೆಸರು. ತಿಂಡಿಗೆ ಹೆಸರಿಡುವ ಕೆಲಸ ಡೇನ್‌ಗಳಿಗೆ ಕೊಡಬಾರದು, ಅಷ್ಟೇ.

ಟೈಮ್ ಆಗ್ತಾ ಇದೆ, ಬೇಗ ಬೇಗ. ಕ್ರೋಸಾಂ ಅಂದರೆ ಫ್ರೆಂಚಿನಲ್ಲಿ ಬಾಲಚಂದ್ರ, ನಮ್ಮ ಕರಜಿಕಾಯಿ ಆಕಾರ ಅಂದುಕೊಳ್ಳಿ. ಅದೂ ವಿಯೆನ್ನಾದ ಕಿಪ್‌ಫೆರ್ಲ್ ಅನ್ನೋ ಬಾಗಿದ ಬನ್ನಿನ ವಂಶದ್ದೇ. ಆಗಸ್ಟ್ ಸಾಂಗ್ ಎನ್ನುವ ಆಸ್ಟ್ರಿಯಾದವ 1830ರ ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ವಿಯೆನ್ನಾ ಬೇಕರಿ ತೆರೆದ, ಫ್ರೆಂಚರಿಗೆ ಇದರ ರುಚಿ ಹತ್ತಿದ್ದು ಅಲ್ಲಿಂದ. 1683ರಲ್ಲಿ ವಿಯೆನ್ನಾ ಮುತ್ತಿದ್ದ ತುರ್ಕರು ಸೋತ ಖುಷಿಗೆ ಈ ಆಕಾರ ಹುಟ್ಟಿತು ಅನ್ನೋ ವಾಟ್ಸಾಪ್ ಕಥೆ ನಂಬಬೇಡಿ, ಕಿಪ್‌ಫೆರ್ಲ್ ಅದಕ್ಕಿಂತ ಹಳೇದು. ಅರ್ಜೆಂಟೀನಾದಲ್ಲಿ ಅದರ ತಮ್ಮ ಮೆದಿಯಾಲೂನಾ, ಅರ್ಧಚಂದ್ರ. ಇಟಲಿಯಲ್ಲಿ ಕೊರ್ನೆತ್ತೊ, ಪುಟ್ಟ ಕೊಂಬು.

ಕೊನೇದು. ಒಳಗೆ ಜ್ಯಾಮ್ ತುಂಬಿ ಕರಿದ ದುಂಡನೆ ಬನ್ನಿಗೆ ಜರ್ಮನಿಯ ಎಷ್ಟೋ ಕಡೆ ಬರ್ಲಿನರ್ ಅಂತಾರೆ. ಬರ್ಲಿನ್ನಲ್ಲಿ? ಫಾನ್‌ಕೂಖನ್, ಅಂದರೆ ಬಾಣಲೆ ಕೇಕು. ಆದರೆ ಬೇರೆ ಎಷ್ಟೋ ಕಡೆಯ ಜರ್ಮನರಿಗೆ ಫಾನ್‌ಕೂಖನ್ ಅಂದರೆ ದೋಸೆಯಂಥ ಪ್ಯಾನ್‌ಕೇಕು. ಹಾಗಾದರೆ ಬರ್ಲಿನ್ನವರು ಪ್ಯಾನ್‌ಕೇಕಿಗೆ ಏನಂತಾರೆ ಅಂತ ಕೇಳಿ. ಮೊಟ್ಟೆ ಕೇಕು!